ಕೊಂದವರು ಯಾರು? ಕಾನೂನು ಯಾರದು?

ನನ್ನ ತಲೆಮಾರಿನವರು ಪತ್ತೇದಾರಿ ಕಾದಂಬರಿಗಳನ್ನು ಓದಿದ್ದು ಕದ್ದುಮುಚ್ಚಿಯೇ. ಉರ್ದು ಪಠ್ಯಪುಸ್ತಕದ ನಡುವೆ ಇಬ್ನೆ ಸಫಿಯ 'ಜಾಸೂಸಿ ದುನಿಯಾ', ಕನ್ನಡ ಪುಸ್ತಕದ ನಡುವೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಭಾಷೆ ಬೇರೆಯಾದರೂ ಕಥೆಯ ನಡೆ ಒಂದೇ. ಒಂದು ಕೊಲೆಯಾಗುತ್ತದೆ, ಜಾಣನೊಬ್ಬ ಬರುತ್ತಾನೆ, ನಾವು ಅನುಮಾನಿಸಿರದವನ ಕೈಗೆ ಬೇಡಿ ಬೀಳುತ್ತದೆ. ಓದಿದ ಹುಡುಗ ನೆಮ್ಮದಿಯಿಂದ ಮಲಗುತ್ತಾನೆ. ಆ ನೆಮ್ಮದಿಯ ಹಿಂದೆ ಒಂದು ನಂಬಿಕೆ ಇತ್ತೆಂಬುದು ಆಗ ಹೊಳೆದಿರಲಿಲ್ಲ. ಕಾನೂನು ನಮ್ಮದು, ಅದು ಎಲ್ಲರಿಗೂ ಒಂದೇ, ತಪ್ಪಿತಸ್ಥ ಸಿಕ್ಕರೆ ಸಾಕು ಊರು ಮತ್ತೆ ಮೊದಲಿನಂತಾಗುತ್ತದೆ ಎಂಬ ನಂಬಿಕೆ ಅದು.

ಈ ನಂಬಿಕೆಗೆ ನೆಲೆಯೇ ಇಲ್ಲದ ಕಡೆ ಪತ್ತೇದಾರಿ ಕಥೆ ಏನಾಗುತ್ತದೆ? ಕಾನೂನು ಹೊರಗಿನವರು ತಂದು ಹೇರಿದ್ದು, ಪೊಲೀಸನು ಆಳುವವರ ಲಾಠಿ, ಸಾಕ್ಷಿ ಹೇಳುವುದೇ ಅಪಾಯ ಎನ್ನುವ ಸಮಾಜದಲ್ಲಿ ಲೇಖಕನೊಬ್ಬ ಕೊಲೆಯ ಕಥೆಯನ್ನು ಹೇಗೆ ಹೇಳುತ್ತಾನೆ? ಆಫ್ರಿಕಾದ ಅಪರಾಧ ಕಥನಗಳ ಚರಿತ್ರೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ, ನಾವು ಸಾಮಾನ್ಯವಾಗಿ ಹಗುರವೆಂದು ಬದಿಗಿಡುವ ಈ ಸಾಹಿತ್ಯ ಪ್ರಕಾರವು ಒಂದು ಖಂಡದ ಆಧುನಿಕ ಬದುಕಿನ ದಾಖಲೆಯಾಗಿರುವುದು ಕಾಣುತ್ತದೆ.

ಒಂದೇ ನೈಲ್, ಎರಡು ಪುಸ್ತಕ

1937ರಲ್ಲಿ ಈಜಿಪ್ಟನ್ನು ಕುರಿತ ಎರಡು ಕೊಲೆಯ ಕಥೆಗಳು ಪ್ರಕಟವಾದವು. ಒಂದು ಜಗತ್ಪ್ರಸಿದ್ಧವಾಯಿತು. ಅದು ಅಗಾಥಾ ಕ್ರಿಸ್ಟಿಯ 'ಡೆತ್ ಆನ್ ದಿ ನೈಲ್'. ನೈಲ್ ನದಿಯ ಮೇಲೆ ಸಾಗುವ ಹಡಗಿನಲ್ಲಿ ಶ್ರೀಮಂತ ಹೆಣ್ಣುಮಗಳೊಬ್ಬಳ ಕೊಲೆಯಾಗುತ್ತದೆ. ಕೊಂದವರು, ಸತ್ತವರು, ಶಂಕಿತರು, ಪತ್ತೆ ಮಾಡುವವರು ಎಲ್ಲರೂ ಪ್ರವಾಸಿಗಳೇ. ಈಜಿಪ್ಟಿನವರು ದಡದ ಮೇಲೆ ಮಣಿಸರ ಮಾರುತ್ತಾರೆ, ಬಕ್ಷೀಸು ಕೇಳುತ್ತಾರೆ, ಹಡಗಿನಲ್ಲಿ ಊಟ ಬಡಿಸುತ್ತಾರೆ. ಅವರನ್ನು ಅನುಮಾನಿಸುವ ಗೋಜಿಗೂ ಯಾರೂ ಹೋಗುವುದಿಲ್ಲ. ಒಂದು ನಾಡಿನ ಜನರನ್ನು ಕೊಲೆಗಾರರನ್ನಾಗಿಯೂ ಪರಿಗಣಿಸದಷ್ಟು ಅದೃಶ್ಯವಾಗಿಸುವುದು ಒಂದು ಬಗೆಯ ಅವಮಾನವೇ ಸರಿ.

ಎರಡನೆಯದು ತೌಫೀಖ್ ಅಲ್ ಹಕೀಮ್ ಅರಬ್ಬಿಯಲ್ಲಿ ಬರೆದ 'ಹಳ್ಳಿಗಾಡಿನ ಸರಕಾರಿ ವಕೀಲನ ದಿನಚರಿ'. ಹಕೀಮ್ ಪ್ಯಾರಿಸ್ಸಿಗೆ ಹೋಗಿ ಕಾನೂನು ಓದಿ ಬಂದವರು. ನೈಲ್ ಮುಖಜ ಭೂಮಿಯ ಊರುಗಳಲ್ಲಿ ಸರಕಾರದ ಪರ ತನಿಖಾ ವಕೀಲರಾಗಿ ಕೆಲಸ ಮಾಡಿದವರು. ಕಾದಂಬರಿಯ ನಿರೂಪಕನೂ ಅಂಥವನೇ. ಒಂದು ರಾತ್ರಿ ಕಮರುದ್ದೌಲಾ ಎಂಬ ರೈತನಿಗೆ ಗುಂಡೇಟು ಬಿದ್ದಿದೆಯೆಂಬ ಸುದ್ದಿ ಬರುತ್ತದೆ. ತನಿಖೆ ಶುರುವಾಗುತ್ತದೆ. ರೀಮ್ ಎಂಬ ಚೆಲುವೆ, ಹಾಡುತ್ತ ತಿರುಗುವ ಹುಚ್ಚು ಫಕೀರ ಶೇಖ್ ಅಸ್ಫೂರ್, ಹೂತ ಹೆಣವನ್ನು ಮೇಲೆತ್ತಿ ಪರೀಕ್ಷಿಸುವ ಪ್ರಸಂಗ, ಒಟ್ಟಿನಲ್ಲಿ ಪತ್ತೇದಾರಿ ಕಥೆಗೆ ಬೇಕಾದುದೆಲ್ಲವೂ ಅಲ್ಲಿದೆ. ಇಲ್ಲದಿರುವುದು ಒಂದೇ, ಉತ್ತರ. ಕೊನೆಗೆ ಆ ಕಡತವನ್ನು 'ಅಪರಿಚಿತ ವ್ಯಕ್ತಿಯ ವಿರುದ್ಧ' ಎಂದು ಬರೆದು ಮುಚ್ಚಲಾಗುತ್ತದೆ.

ಹಕೀಮ್ ಅವರ ಕಣ್ಣು ಕೊಲೆಗಾರನಿಗಿಂತ ಹೆಚ್ಚಾಗಿ ನ್ಯಾಯಾಲಯದ ಮೇಲಿದೆ. ಈಜಿಪ್ಟಿನಲ್ಲಿ 1883ರಿಂದ ಜಾರಿಗೆ ಬಂದ ಕಾಯಿದೆಗಳನ್ನು ಫ್ರಾನ್ಸಿನ ಕಾಯಿದೆಗಳ ಮಾದರಿಯಲ್ಲಿ ರೂಪಿಸಲಾಗಿತ್ತು. ಆ ಕಾಯಿದೆಯ ಒಂದಕ್ಷರವನ್ನೂ ಕೇಳಿರದ ಫೆಲ್ಲಾಹೀನ್, ಅಂದರೆ ಬಡ ರೈತರು, ಕಾಲುವೆಯಲ್ಲಿ ಬಟ್ಟೆ ಒಗೆದ ತಪ್ಪಿಗೆ ದಂಡ ಕಟ್ಟಲು ಸಾಲಾಗಿ ನಿಂತಿರುತ್ತಾರೆ. ಬಟ್ಟೆಯನ್ನು ಇನ್ನೆಲ್ಲಿ ಒಗೆಯಬೇಕೆಂದು ಕಾನೂನು ಹೇಳುವುದಿಲ್ಲ. ಕೈರೋದಿಂದ ಬರುವ ನ್ಯಾಯಾಧೀಶನಿಗೆ ಹಿಂದಿರುಗುವ ರೈಲಿನದೇ ಚಿಂತೆ, ಆದ್ದರಿಂದ ತೀರ್ಪುಗಳು ರೈಲಿನ ವೇಗದಲ್ಲೇ ಬೀಳುತ್ತವೆ. ಪೊಲೀಸ್ ಅಧಿಕಾರಿಗೆ ಕೊಲೆಗಿಂತ ಚುನಾವಣೆ ಮುಖ್ಯ. ಜನ ತಮಗಿಷ್ಟ ಬಂದವರಿಗೆ ಮತ ಹಾಕಲಿ ಎಂದು ಬಿಡುವ ಆತ, ಕೊನೆಗೆ ಆ ಪೆಟ್ಟಿಗೆಯನ್ನು ಕಾಲುವೆಗೆ ಎಸೆದು ತಾನು ಸಿದ್ಧಪಡಿಸಿದ ಪೆಟ್ಟಿಗೆಯನ್ನು ಕಳಿಸುತ್ತಾನೆ. ಓದುಗನಿಗೆ ನಗು ಬರುತ್ತದೆ. ನಗು ನಿಂತ ಮೇಲೆ ಒಬ್ಬ ಮನುಷ್ಯ ಸತ್ತಿದ್ದಾನೆಂಬುದು, ಅದು ಯಾರಿಗೂ ಬೇಡವಾಗಿದೆಯೆಂಬುದು ನೆನಪಾಗುತ್ತದೆ.

ಒಂದೇ ನದಿಯ ಮೇಲೆ ಒಂದೇ ವರ್ಷ ಬಂದ ಈ ಎರಡು ಪುಸ್ತಕಗಳ ಅಂತರವೇ ಮುಂದಿನ ಚರಿತ್ರೆಯ ಬೀಜ. ಮೊದಲನೆಯದರ ಪ್ರಶ್ನೆ, ಕೊಂದವರು ಯಾರು? ಎರಡನೆಯದರ ಪ್ರಶ್ನೆ, ಈ ಕಾನೂನು ಯಾರದು?

ನೇಣುಹಗ್ಗ ಹಿಡಿದ ಸಾಹೇಬ

ಕ್ರಿಸ್ಟಿಗಿಂತ ಮೊದಲೇ ಇಂಗ್ಲಿಷ್ ಓದುಗರಿಗೆ ಆಫ್ರಿಕಾವನ್ನು ಪರಿಚಯಿಸಿದವರಲ್ಲಿ ಎಡ್ಗರ್ ವ್ಯಾಲೇಸ್ ಒಬ್ಬರು. ಪತ್ತೇದಾರಿ ಕಥೆಗಳ ಕಾರ್ಖಾನೆಯಂತಿದ್ದ ಈ ಲೇಖಕ 1911ರಲ್ಲಿ 'ಸ್ಯಾಂಡರ್ಸ್ ಆಫ್ ದಿ ರಿವರ್' ಪ್ರಕಟಿಸಿದರು. ಪಶ್ಚಿಮ ಆಫ್ರಿಕಾದ ನದಿಯೊಂದರ ಮೇಲೆ ದೋಣಿಯಲ್ಲಿ ತಿರುಗುವ ಬ್ರಿಟಿಷ್ ಕಮಿಷನರ್ ಸ್ಯಾಂಡರ್ಸನೇ ಅಲ್ಲಿ ಪೊಲೀಸು, ಅವನೇ ನ್ಯಾಯಾಧೀಶ, ನೇಣು ಹಾಕಿಸುವವನೂ ಅವನೇ. ಆಫ್ರಿಕನ್ನರು ಅವನ ಪಾಲಿಗೆ ದೊಡ್ಡ ಮಕ್ಕಳು. ಪತ್ತೆ ಮಾಡಲು ಅಲ್ಲೇನೂ ಇಲ್ಲ, ಇರುವುದು ಶಿಕ್ಷೆ ಮಾತ್ರ.

1935ರಲ್ಲಿ ಇದು ಚಲನಚಿತ್ರವಾಯಿತು. ಮಹಾನ್ ಕಪ್ಪು ಗಾಯಕ ಪಾಲ್ ರಾಬ್ಸನ್ ಅದರಲ್ಲಿ ನಟಿಸಿ, ಆಮೇಲೆ ಅದು ಸಾಮ್ರಾಜ್ಯದ ಗುಣಗಾನವಾಗಿರುವುದನ್ನು ಕಂಡು ನೊಂದು ಅದನ್ನು ತಿರಸ್ಕರಿಸಿದರು. ಅದೇ ಚಿತ್ರದ ಗುಂಪಿನ ದೃಶ್ಯಗಳಲ್ಲಿ ಸಣ್ಣ ಪಾತ್ರವೊಂದನ್ನು ಮಾಡಿದವರು ಆಗ ಲಂಡನ್ನಿನಲ್ಲಿದ್ದ ಜೋಮೊ ಕೆನ್ಯಾಟ್ಟಾ. ಸಾಹೇಬನ ಮುಂದೆ ನಿಲ್ಲುವ ಆ ಪಾತ್ರಧಾರಿ ಮುಂದೆ ಸ್ವತಂತ್ರ ಕೆನ್ಯಾದ ಮೊದಲ ಅಧ್ಯಕ್ಷರಾದರು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇನ್ನೊಮ್ಮೆ ಬರುತ್ತದೆ.

ಝಾಂಝಿಬಾರಿನ ಬ್ವಾನಾ ಮ್ಸಾ

ಪತ್ತೇದಾರನ ಟೋಪಿಯನ್ನು ಆಫ್ರಿಕನ್ನನೇ ತೊಟ್ಟಾಗ ಏನಾಯಿತು? ಇದಕ್ಕೆ ಒಳ್ಳೆಯ ಉದಾಹರಣೆ ಸ್ವಾಹಿಲಿ ಭಾಷೆಯಲ್ಲಿದೆ. ಉರ್ದು ಕಲಿತವರಿಗೆ ಸ್ವಾಹಿಲಿ ಪೂರ್ತಿ ಪರಕೀಯವೆನಿಸುವುದಿಲ್ಲ. ಪುಸ್ತಕ ಅಲ್ಲಿಯೂ ಕಿತಾಬು, ಲೋಕ ದುನಿಯಾ, ಸುದ್ದಿ ಹಬಾರಿ. ಕಾರಣಕ್ಕೆ ಅವರು ಹೇಳುವ 'ಸಬಾಬು' ಕನ್ನಡದಲ್ಲಿ 'ಸಬೂಬು' ಆಗಿ ಕುಳಿತಿದೆ. ಒಂದೇ ಅರಬ್ಬಿ ಪದ ಎರಡು ದಡ ಸೇರಿದ ಬಗೆ ಇದು.

ಝಾಂಝಿಬಾರಿನ ಮುಹಮ್ಮದ್ ಸಯೀದ್ ಅಬ್ದುಲ್ಲಾ (1918-1991) ಪತ್ರಕರ್ತರಾಗಿದ್ದವರು. 'ಮ್ಝಿಮು ವಾ ವಾಟು ವಾ ಕಾಲೆ', ಎಂದರೆ 'ಪೂರ್ವಿಕರ ಗುಡಿ' ಎಂಬ ಅವರ ಕಾದಂಬರಿ 1950ರ ದಶಕದ ಕೊನೆಯಲ್ಲಿ ಈಸ್ಟ್ ಆಫ್ರಿಕನ್ ಲಿಟರೇಚರ್ ಬ್ಯೂರೋದ ಸ್ಪರ್ಧೆಯಲ್ಲಿ ಬಹುಮಾನ ಪಡೆದು, 1960ರಲ್ಲಿ ಪ್ರಕಟವಾಯಿತು. ಜಮೀನ್ದಾರನೊಬ್ಬ ಪೂರ್ವಿಕರ ಗುಡಿಯ ಬಳಿ ಶವವಾಗಿ ಸಿಗುತ್ತಾನೆ. ಆ ಜಾಗದ ಭಯ ಊರವರಿಗೆ ಮೊದಲಿನಿಂದಲೂ ಇದೆ. ಬ್ವಾನಾ ಮ್ಸಾ ಎಂಬ ಪತ್ತೇದಾರ ಪೈಪು ಸೇದುತ್ತ, ಗೆಳೆಯ ನಜೂಮನನ್ನು ಜೊತೆಗಿಟ್ಟುಕೊಂಡು, ಪ್ರೇತಗಳ ಮರೆಯಲ್ಲಿ ನಿಂತ ಮನುಷ್ಯರನ್ನು ಹುಡುಕುತ್ತಾನೆ. ಷರ್ಲಾಕ್ ಹೋಮ್ಸ್ ಮತ್ತು ವಾಟ್ಸನ್ನರ ನೆರಳು ಇಲ್ಲಿ ಸ್ಪಷ್ಟ. ಅಬ್ದುಲ್ಲಾ ಅದನ್ನು ಮರೆಮಾಡಲು ಹೋಗುವುದೂ ಇಲ್ಲ.

ಇದನ್ನು ಬರಿಯ ಅನುಕರಣೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಮಾತನ್ನು ಗಮನಿಸಬೇಕು. ಆಫ್ರಿಕನ್ನನಿಗೆ ಮೌಢ್ಯವಿದೆ, ವಿವೇಕವಿಲ್ಲ ಎಂದು ಸಾಮ್ರಾಜ್ಯ ಸಾರುತ್ತಿದ್ದ ಹೊತ್ತಿನಲ್ಲಿ, ಮೌಢ್ಯದ ಎದುರು ನಿಂತು ತರ್ಕ ಹೂಡುವವನೂ ಅದೇ ನೆಲದ ಮುಸಲ್ಮಾನನಾಗಿದ್ದ. ಅವನು ಆಡುತ್ತಿದ್ದುದು ಬಂದರಿನ ಜನ ಆಡುವ ಸ್ವಾಹಿಲಿಯನ್ನು. ತರ್ಕವು ಯುರೋಪಿನ ಆಸ್ತಿಯಲ್ಲವೆಂದು ತೋರಿಸಲು ಇದಕ್ಕಿಂತ ಸರಳ ದಾರಿ ಇರಲಿಲ್ಲ. ಕಾದಂಬರಿ ಬಂದ ನಾಲ್ಕನೆಯ ವರ್ಷ, 1964ರ ಜನವರಿಯಲ್ಲಿ, ಝಾಂಝಿಬಾರಿನ ಕ್ರಾಂತಿ ಸುಲ್ತಾನರ ಆಳ್ವಿಕೆಯನ್ನು ಕೊನೆಗೊಳಿಸಿತು, ಜಮೀನ್ದಾರರ ಆ ಲೋಕವೂ ಕುಸಿಯಿತು. ಅದು ಹೇಗಿತ್ತೆಂದು ತಿಳಿಯಲು ಇಂದು ಬ್ವಾನಾ ಮ್ಸಾನ ಬೆನ್ನು ಹತ್ತಿ ಹೋಗಬಹುದು.

ಕರಿಯ ಪತ್ತೇದಾರ, ಬಿಳಿಯ ಕಾಯಿದೆ

ಅದೇ ದಶಕದಲ್ಲಿ ದಕ್ಷಿಣ ಆಫ್ರಿಕಾದ 'ಡ್ರಮ್' ಮಾಸಿಕದಲ್ಲಿ, ಆಗಿನ್ನೂ ಇಪ್ಪತ್ತರ ಹರೆಯದ ಆರ್ಥರ್ ಮೈಮಾನೆ ಖಾಸಗಿ ಪತ್ತೇದಾರ ಮೊರೆನಾನ ಕಥೆಗಳನ್ನು ಧಾರಾವಾಹಿಯಾಗಿ ಬರೆಯುತ್ತಿದ್ದರು. ಅಮೆರಿಕದ ಪತ್ತೇದಾರರ ಮಾತಿನ ಗತ್ತು, ಜೊಹಾನ್ಸ್‌ಬರ್ಗಿನ ಕರಿಯರ ಬಡಾವಣೆಗಳ ವಾಸನೆ ಎರಡೂ ಬೆರೆತ ಕಥೆಗಳವು. ನಡೆದಾಡಲೂ ಪಾಸ್ ಪುಸ್ತಕ ತೋರಿಸಬೇಕಾದ ನಾಡಿನಲ್ಲಿ ಕರಿಯನೊಬ್ಬ ತನ್ನ ಇಚ್ಛೆಯಂತೆ ಊರೆಲ್ಲ ತಿರುಗಿ, ಪ್ರಶ್ನೆ ಕೇಳುವುದೇ ಓದುಗರಿಗೆ ಒಂದು ಕನಸು.

ಡ್ರಮ್‌ನ ನಿಜವಾದ ಪತ್ತೇದಾರ ಮಾತ್ರ ಕಥೆಯೊಳಗಿನವನಲ್ಲ. ವರದಿಗಾರ ಹೆನ್ರಿ ನ್ಕುಮಾಲೊ ಬೆಥಲ್‌ನ ಆಲೂಗಡ್ಡೆ ತೋಟಗಳಲ್ಲಿ ಕೂಲಿಗಳನ್ನು ಗುಲಾಮರಂತೆ ದುಡಿಸುತ್ತಿದ್ದುದನ್ನು 1952ರಲ್ಲಿ ಬಯಲಿಗೆಳೆದರು. ಜೈಲಿನೊಳಗಿನ ಹಿಂಸೆಯನ್ನು ಕಾಣಲು ಬೇಕೆಂದೇ ಬಂಧನಕ್ಕೊಳಗಾಗಿ ಒಳಹೊಕ್ಕು ಬಂದು ಬರೆದರು. ಮುಂದೆ ಇನ್ನೊಂದು ತನಿಖೆಯ ದಾರಿಯಲ್ಲಿದ್ದಾಗ, ಅವರನ್ನು ಇರಿದು ಕೊಲ್ಲಲಾಯಿತು. ಕೊಂದವರು ಸಿಗಲೇ ಇಲ್ಲ. ಹಕೀಮರ ಕಾದಂಬರಿಯ ಕಡತದ ಕೊನೆಯ ಸಾಲು ಇಲ್ಲಿ ನಿಜವಾಯಿತು.

ಈ ನಾಡಿನಿಂದ 1965ರಲ್ಲಿ ಬ್ರಿಟನ್ನಿಗೆ ಹೋಗಿ ನೆಲೆಸಿದ ಬಿಳಿಯ ಪತ್ರಕರ್ತ ಜೇಮ್ಸ್ ಮೆಕ್ಲೂರ್ 1971ರಲ್ಲಿ 'ದಿ ಸ್ಟೀಮ್ ಪಿಗ್' ಬರೆದರು. ಇದರಲ್ಲಿ ತನಿಖೆ ಮಾಡುವವರು ಇಬ್ಬರು, ಆಫ್ರಿಕಾನರ್ ಅಧಿಕಾರಿ ಕ್ರಾಮರ್ ಮತ್ತು ಅವನ ಕೈಕೆಳಗಿನ ಝುಲು ಪೊಲೀಸ್ ಝೋಂಡಿ. ಸೈಕಲ್ಲಿನ ಕಡ್ಡಿಯಿಂದ ಇರಿತಕ್ಕೊಳಗಾದ ಬಿಳಿಯ ತರುಣಿಯೊಬ್ಬಳ ಶವ ಸಿಗುತ್ತದೆ. ತನಿಖೆ ಸಾಗಿದಂತೆ ಅವಳು ಕಾಯಿದೆಯ ಪ್ರಕಾರ ಬಿಳಿಯಳೇ ಅಲ್ಲವೆಂಬುದು ಹೊರಬೀಳುತ್ತದೆ. 1950ರ ಜನಸಂಖ್ಯಾ ನೋಂದಣಿ ಕಾಯಿದೆ ಪ್ರತಿಯೊಬ್ಬರಿಗೂ ಒಂದು ಜನಾಂಗದ ಚೀಟಿ ಅಂಟಿಸಿತ್ತು. ಅಧಿಕಾರಿಯೊಬ್ಬ ಚೀಟಿ ಬದಲಾಯಿಸಿದರೆ ಸಾಕು, ಒಂದು ಕುಟುಂಬದ ಮನೆ, ಶಾಲೆ, ಕೆಲಸ, ಮದುವೆ ಎಲ್ಲವೂ ಕಾನೂನುಬಾಹಿರವಾಗಬಹುದಿತ್ತು. ಸೈಕಲ್ ಕಡ್ಡಿ ಹಿಡಿದವನು ಒಬ್ಬ ಕೊಲೆಗಾರ. ಅವಳ ಬದುಕನ್ನು ಅದಕ್ಕಿಂತ ಮೊದಲೇ ಕೊಂದದ್ದು ಒಂದು ಕಾಯಿದೆ.

ಒಡನಾಡಿಗಳಾಗಿದ್ದರೂ ಕ್ರಾಮರ್ ಮತ್ತು ಝೋಂಡಿ ಹೊರಗೆ ಯಜಮಾನ ಮತ್ತು ಆಳಿನಂತೆ ನಡೆದುಕೊಳ್ಳಬೇಕು. ಆ ನಾಟಕವನ್ನು ಮೆಕ್ಲೂರ್ ಭಾಷಣವಿಲ್ಲದೆ ತೋರಿಸುತ್ತಾರೆ. ಆದರೂ ಝೋಂಡಿಯನ್ನು ನಾವು ಕಾಣುವುದು ಬಹುಮಟ್ಟಿಗೆ ಕ್ರಾಮರನ ಪಕ್ಕದಲ್ಲಿ ನಿಂತೇ ಎಂಬ ಮಿತಿಯೂ ಅಲ್ಲಿದೆ.

ಸ್ವಾತಂತ್ರ್ಯದ ನಂತರದ ಕಡತಗಳು

ಸಾಹೇಬರು ಹೋದ ಮೇಲೆ ಕಾನೂನು ನಮ್ಮದಾಯಿತೇ? ಈ ಪ್ರಶ್ನೆಯನ್ನು ಕಟುವಾಗಿ ಕೇಳಿದವರು ಗೂಗಿ ವಾ ಥಿಯಾಂಗೊ. 1977ರಲ್ಲಿ ಬಂದ ಅವರ 'ಪೆಟಲ್ಸ್ ಆಫ್ ಬ್ಲಡ್' ಶುರುವಾಗುವುದು ಪತ್ತೇದಾರಿ ಕಾದಂಬರಿಯಂತೆಯೇ. ಇಲ್ಮೊರೊಗ್ ಎಂಬ ಊರಿನಲ್ಲಿ ಮದ್ಯದ ಕಾರ್ಖಾನೆಯ ಮೂವರು ನಿರ್ದೇಶಕರು ಬೆಂಕಿಯಲ್ಲಿ ಸತ್ತಿದ್ದಾರೆ. ಶಾಲಾ ಮಾಸ್ತರ ಮುನೀರಾ, ಮೌ ಮೌ ಹೋರಾಟದಲ್ಲಿ ಕಾಲು ಕಳೆದುಕೊಂಡ ಅಂಗಡಿಯ ಅಬ್ದುಲ್ಲಾ, ಬದುಕು ಜರ್ಝರಿತವಾದ ವಾಂಜಾ, ಕಾರ್ಮಿಕ ನಾಯಕ ಕರೇಗಾ, ಈ ನಾಲ್ವರೂ ಶಂಕಿತರು. ಪೊಲೀಸ್ ಅಧಿಕಾರಿಗೆ ಕೊನೆಗೆ ಉತ್ತರ ಸಿಗುತ್ತದೆ. ಆದರೆ ಅಷ್ಟರಲ್ಲಿ ಓದುಗನ ಪ್ರಶ್ನೆ ಬದಲಾಗಿರುತ್ತದೆ. ಹಳ್ಳಿಯ ನೆಲ, ಹಳ್ಳಿಯ ಪಾನೀಯ, ಹಳ್ಳಿಯ ಹೆಣ್ಣುಮಕ್ಕಳು, ಎಲ್ಲವನ್ನೂ ನುಂಗಿದ ಆ ಮೂವರ ಅಪರಾಧಕ್ಕೆ ಕಡತ ಎಲ್ಲಿದೆ?

ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ, ಗಿಕೂಯು ಭಾಷೆಯ ನಾಟಕವೊಂದನ್ನು ಹಳ್ಳಿಗರೊಡನೆ ಆಡಿಸಿದ ಬೆನ್ನಿಗೆ, ಗೂಗಿಯವರನ್ನು ವಿಚಾರಣೆಯಿಲ್ಲದೆ ಬಂಧಿಸಿ ಸುಮಾರು ಒಂದು ವರ್ಷ ಸೆರೆಯಲ್ಲಿಡಲಾಯಿತು. ಆಗ ಕೆನ್ಯಾದ ಅಧ್ಯಕ್ಷರು ಯಾರೆಂದರೆ, ಸ್ಯಾಂಡರ್ಸ್ ಸಾಹೇಬನ ಚಿತ್ರದಲ್ಲಿ ನಿಂತಿದ್ದ, ಸ್ವತಃ ಬ್ರಿಟಿಷರ ಸೆರೆಯಲ್ಲಿ ವರ್ಷಗಳನ್ನು ಕಳೆದಿದ್ದ ಜೋಮೊ ಕೆನ್ಯಾಟ್ಟಾ. ಪಾತ್ರಧಾರಿ ಬದಲಾದರೂ ಪಾತ್ರ ಉಳಿದುಕೊಂಡಿತ್ತು. ಗೂಗಿ 2025ರಲ್ಲಿ ತೀರಿಕೊಂಡರು. ಅವರ ಮಗ ಮುಕೋಮಾ ವಾ ಗೂಗಿ 'ನೈರೋಬಿ ಹೀಟ್' ಎಂಬ ಅಪ್ಪಟ ಪತ್ತೇದಾರಿ ಕಾದಂಬರಿಯನ್ನೇ ಬರೆದಿದ್ದಾರೆ.

ಅಲ್ಜೀರಿಯಾದ ಕಥೆ ಇನ್ನೂ ವಿಚಿತ್ರ. 1992ರಲ್ಲಿ ಅಲ್ಲಿನ ಸೇನೆ ಚುನಾವಣೆಯನ್ನು ರದ್ದುಗೊಳಿಸಿದ ಮೇಲೆ ಒಂದು ದಶಕ ನೆತ್ತರು ಹರಿಯಿತು. ಆ ನಡುವೆ, 1997ರಲ್ಲಿ ಫ್ರಾನ್ಸಿನಲ್ಲಿ 'ಮೊರಿಟುರಿ' ಎಂಬ ಕಾದಂಬರಿ ಯಾಸ್ಮಿನಾ ಖದ್ರಾ ಎಂಬ ಹೆಸರಿನಲ್ಲಿ ಬಂತು. ಅಲ್ಜೀರ್ಸಿನ ಪೊಲೀಸ್ ಅಧಿಕಾರಿ ಲ್ಲೋಬ್ ಬೆಳಿಗ್ಗೆ ಮನೆಯಿಂದ ಹೊರಡುವಾಗ ಸಂಜೆ ಹಿಂದಿರುಗುವ ಖಾತ್ರಿಯಿಲ್ಲ. ಧರ್ಮದ ಹೆಸರಿನಲ್ಲಿ ಕೊರಳು ಕೊಯ್ಯುವವರನ್ನು ಬೆನ್ನಟ್ಟುತ್ತ ಹೋದರೆ ಅವನಿಗೆ ಎದುರಾಗುವುದು ಕೊಲೆಗಳಿಂದ ಲಾಭ ಎಣಿಸುವ ದೊಡ್ಡ ಮನುಷ್ಯರ ಬಂಗಲೆಗಳು. ಮುಸ್ಲಿಮ್ ಸ್ತ್ರೀಯೊಬ್ಬಳ ಧೈರ್ಯವೆಂದು ಯುರೋಪು ಕೊಂಡಾಡಿತು. 2001ರಲ್ಲಿ ನಿಜ ತಿಳಿಯಿತು. ಲೇಖಕ ಮುಹಮ್ಮದ್ ಮುಲೆಸೆಹೂಲ್ ಎಂಬ ಸೇನಾಧಿಕಾರಿ. ಸೇನೆಯ ಸೆನ್ಸಾರಿನಿಂದ ಪಾರಾಗಲು ಹೆಂಡತಿಯ ಹೆಸರುಗಳನ್ನೇ ಇಟ್ಟುಕೊಂಡಿದ್ದರು. ಕೊಂಡಾಡಿದವರಲ್ಲೇ ಕೆಲವರು ಈಗ ಸೈನಿಕನ ಮಾತನ್ನು ನಂಬುವುದು ಹೇಗೆಂದು ಅನುಮಾನಿಸತೊಡಗಿದರು. ಆ ಅನುಮಾನ ಅನ್ಯಾಯವೆಂದು ಸಾರಾಸಗಟಾಗಿ ಹೇಳಲಾರೆ. ಸೇನೆಯ ಪಾತ್ರದ ಬಗ್ಗೆ ಅಲ್ಜೀರಿಯಾದಲ್ಲಿ ಎದ್ದ ಪ್ರಶ್ನೆಗಳು ಸಣ್ಣವಲ್ಲ. ಆದರೆ ಉಗ್ರವಾದಿ ಎಂಬ ಒಂದೇ ಪದದ ಹಿಂದೆ ಬಡತನ, ಭೂಮಿ, ಹಣ, ಅಧಿಕಾರಗಳ ಎಷ್ಟು ಎಳೆಗಳಿವೆಯೆಂದು ಬಿಡಿಸಿ ತೋರಿಸಿದ್ದು ಪತ್ರಿಕೆಗಳ ವರದಿಗಿಂತ ಹೆಚ್ಚಾಗಿ ಈ ಪತ್ತೇದಾರಿ ಕಾದಂಬರಿಗಳೇ.

ಒಂದು ದೇಶ, ಎರಡು ಮಕ್ಕಳು

ಇತ್ತೀಚಿನ ದಶಕಗಳಲ್ಲಿ ಲೋಕಕ್ಕೆ ಅತ್ಯಂತ ಪ್ರಿಯವಾದ ಆಫ್ರಿಕನ್ ಪತ್ತೇದಾರಳೆಂದರೆ ಬೋಟ್ಸ್ವಾನಾದ ಪ್ರೆಷಸ್ ರಮೋಟ್ಸ್ವೆ. ಅವಳನ್ನು 1998ರಲ್ಲಿ ಸೃಷ್ಟಿಸಿದವರು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್. ಈಗಿನ ಝಿಂಬಾಬ್ವೆಯಲ್ಲಿ ಹುಟ್ಟಿ, ಬೋಟ್ಸ್ವಾನಾದಲ್ಲಿ ಕಾನೂನು ಕಲಿಸಿದ ಸ್ಕಾಟ್ಲೆಂಡಿನ ಪ್ರಾಧ್ಯಾಪಕರವರು. ತಂದೆ ಬಿಟ್ಟುಹೋದ ದನಗಳನ್ನು ಮಾರಿ ಪತ್ತೇದಾರಿ ಕಚೇರಿ ತೆರೆಯುವ ಈ ಹೆಂಗಸು, ಗಿಡಮೂಲಿಕೆಯ ಚಹಾ ಕುಡಿಯುತ್ತ, ಓಡಿಹೋದ ಗಂಡಂದಿರನ್ನು, ಸುಳ್ಳು ಹೇಳುವ ಮಕ್ಕಳನ್ನು ಪತ್ತೆ ಮಾಡುತ್ತಾಳೆ. ಆಫ್ರಿಕಾವೆಂದರೆ ಹಸಿವು, ಯುದ್ಧ, ರೋಗ ಎಂದಷ್ಟೇ ಬಲ್ಲ ಓದುಗರಿಗೆ ಅಲ್ಲಿಯೂ ಮರ್ಯಾದೆಯ ನಿತ್ಯಜೀವನವಿದೆಯೆಂದು ತೋರಿಸಿದ್ದು ಸಣ್ಣ ಸಂಗತಿಯಲ್ಲ.

ಆ ಮೊದಲ ಪುಸ್ತಕದಲ್ಲೇ ಕಾಣೆಯಾದ ಹುಡುಗನೊಬ್ಬನ ಕಥೆಯಿದೆ. ಮಾಟದ ಔಷಧಿಗಾಗಿ ಅವನನ್ನು ಕೊಂದಿರಬಹುದೆಂಬ ಭಯ ಆವರಿಸುತ್ತದೆ. ಕೊನೆಗೆ ಹುಡುಗ ಜೀವಂತ ಸಿಗುತ್ತಾನೆ.

ನಾಲ್ಕು ವರ್ಷಗಳ ನಂತರ, 2002ರಲ್ಲಿ, ಅದೇ ಬೋಟ್ಸ್ವಾನಾದ ಇನ್ನೊಬ್ಬ ಕಾನೂನು ತಜ್ಞೆ ಅದೇ ಭಯವನ್ನು ಹಿಡಿದು 'ದಿ ಸ್ಕ್ರೀಮಿಂಗ್ ಆಫ್ ದಿ ಇನ್ನೊಸೆಂಟ್' ಬರೆದರು. ಅವರು ಯೂನಿಟಿ ಡೌ. ವಿದೇಶಿಯನನ್ನು ಮದುವೆಯಾದ ಹೆಣ್ಣಿನ ಮಕ್ಕಳಿಗೆ ಪೌರತ್ವ ನಿರಾಕರಿಸುತ್ತಿದ್ದ ಕಾಯಿದೆಯ ವಿರುದ್ಧ ತಾವೇ ದಾವೆ ಹೂಡಿ 1992ರಲ್ಲಿ ಗೆದ್ದವರು. 1998ರಲ್ಲಿ ಆ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆಯಾದವರು. 1994ರಲ್ಲಿ ಮೊಚುಡಿ ಎಂಬ ಊರಿನಲ್ಲಿ ಶಾಲಾ ಬಾಲಕಿಯೊಬ್ಬಳ ಕೊಲೆಯಾಗಿ, ಅದು ಬಲಿಯೆಂಬ ಶಂಕೆ ಎದ್ದು, ನ್ಯಾಯ ಸಿಗದೆ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಆ ನೆನಪು ಇನ್ನೂ ಹಸಿಯಾಗಿದ್ದ ನಾಡಿನಲ್ಲಿ ಈ ಕಾದಂಬರಿ ಬಂತು.

ಡೌ ಅವರ ಪುಸ್ತಕದಲ್ಲಿ ಕೊಂದವರು ಯಾರೆಂಬುದು ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಒಬ್ಬ ವ್ಯಾಪಾರಿ, ಒಬ್ಬ ಊರ ಮುಖಂಡ, ಒಬ್ಬ ಉಪ ಮುಖ್ಯೋಪಾಧ್ಯಾಯ. ಮೂವರೂ ಊರಿನಲ್ಲಿ ಸಲಾಮು ಹೊಡೆಸಿಕೊಳ್ಳುವವರು. ಪೊಲೀಸರು ಮಾತ್ರ ಹುಡುಗಿಯನ್ನು ಕಾಡುಪ್ರಾಣಿ ತಿಂದಿರಬೇಕೆಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಐದು ವರ್ಷಗಳ ಮೇಲೆ ಆಸ್ಪತ್ರೆಯಲ್ಲಿ ಸೇವೆಗೆ ಬಂದ ಅಮಾಂಟ್ಲೆ ಎಂಬ ತರುಣಿ, ಉಗ್ರಾಣ ಗುಡಿಸುವಾಗ, ರಕ್ತದ ಕಲೆಯ ಪುಟ್ಟ ಬಟ್ಟೆಗಳಿರುವ ಪೆಟ್ಟಿಗೆಯೊಂದನ್ನು ಕಾಣುತ್ತಾಳೆ. ಅಲ್ಲಿಂದ ಮುಂದೆ ಕಥೆಯನ್ನು ನಡೆಸುವುದು ಪತ್ತೇದಾರನ ಜಾಣತನವಲ್ಲ, ಹೆದರಿದ ಊರೊಂದು ಬಾಯಿ ಬಿಡಲು ಪಡುವ ಪಾಡು. ಇಲ್ಲಿ ಮಗು ಹಿಂದಿರುಗಿ ಬರುವುದಿಲ್ಲ.

ಒಬ್ಬರು ಬರೆದದ್ದು ಸುಳ್ಳು, ಇನ್ನೊಬ್ಬರು ಬರೆದದ್ದು ನಿಜ ಎಂದು ನಾನು ಹೇಳುತ್ತಿಲ್ಲ. ಅತಿಥಿ ಮನೆಯ ಅಂಗಳವನ್ನು ಹೊಗಳುತ್ತಾನೆ. ಮನೆಯವಳಿಗೆ ಮಾತ್ರ ಒಳಕೋಣೆಯ ಬೀಗ ತೆಗೆಯುವ ಹಕ್ಕೂ ಇದೆ, ಹೊಣೆಯೂ ಇದೆ.

ಮುಚ್ಚಿದ ಕಡತ

ಇಲ್ಲೊಂದು ಇಕ್ಕಟ್ಟಿದೆ. ಯಾವ ಜನರ ಹೆಸರನ್ನು ಅಪರಾಧದ ಜೊತೆ ಸೇರಿಸಿಯೇ ಉಚ್ಚರಿಸುವುದು ಲೋಕಕ್ಕೆ ರೂಢಿಯಾಗಿದೆಯೋ, ಆ ಜನರ ನಡುವಿನ ಲೇಖಕ ಅಪರಾಧದ ಕಥೆ ಬರೆದರೆ, 'ನೋಡಿ, ಅವರೇ ಒಪ್ಪಿಕೊಂಡರು' ಎನ್ನಲು ಹೊರಗಿನವರು ಕಾದಿರುತ್ತಾರೆ. 'ಮನೆಯ ಮಾತನ್ನು ಬೀದಿಗೆ ತಂದೆ' ಎನ್ನಲು ಒಳಗಿನವರು ಸಿದ್ಧರಿರುತ್ತಾರೆ. ಈ ಇಕ್ಕಟ್ಟು ನಮಗೆ ಅಪರಿಚಿತವೇನಲ್ಲ. ಕಥೆ ಬರೆಯಲು ಕುಳಿತಾಗಲೆಲ್ಲ ನನ್ನ ಎರಡೂ ಭುಜಗಳ ಮೇಲೆ ಈ ಎರಡು ಮಾತುಗಳು ಕುಳಿತಿರುತ್ತವೆ.

ಆಫ್ರಿಕಾದ ಲೇಖಕರು ಇದಕ್ಕೆ ಕಂಡುಕೊಂಡ ದಾರಿ ಮೌನವಲ್ಲ. ಅವರು ಕೊಲೆಗಾರನನ್ನು ಅಡಗಿಸಲಿಲ್ಲ, ಅವನ ಸುತ್ತಲಿನ ದೀಪಗಳನ್ನೂ ಹೊತ್ತಿಸಿದರು. ಕೊಂದ ಕೈಯ ಜೊತೆಗೆ, ದೂರು ಬರೆದುಕೊಳ್ಳದ ಕೈ, ತೀರ್ಪನ್ನು ಅವಸರದಲ್ಲಿ ಗೀಚಿದ ಕೈ, ಪೆಟ್ಟಿಗೆಯನ್ನು ಉಗ್ರಾಣದ ಮೂಲೆಗೆ ಸರಿಸಿದ ಕೈ ಎಲ್ಲವೂ ಕಾಣುವಂತೆ ಮಾಡಿದರು. ಅದೇ ಬೆಳಕಿನಲ್ಲಿ ಬ್ವಾನಾ ಮ್ಸಾನ ವಿವೇಕ, ನ್ಕುಮಾಲೊನ ಧೈರ್ಯ, ಅಮಾಂಟ್ಲೆಯ ಹಟ ಕೂಡ ಕಂಡವು. ಒಂದು ಜನಾಂಗವನ್ನು ಅಪರಾಧಿಯೆಂದು ಕರೆಯುವುದಕ್ಕೂ, ಒಂದು ಅಪರಾಧವನ್ನು ಪೂರ್ತಿಯಾಗಿ ತಿಳಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಹಕೀಮರ ನಿರೂಪಕ ತನ್ನ ಕಡತವನ್ನು ಅಪರಿಚಿತನ ಹೆಸರಿಗೆ ಬರೆದು ಮುಚ್ಚಿದ. ಕಚೇರಿಯ ಲೆಕ್ಕದಲ್ಲಿ ಆ ಪ್ರಕರಣ ಮುಗಿಯಿತು. ಆದರೆ ಅದೇ ಕೈ ರಾತ್ರಿ ಕುಳಿತು ದಿನಚರಿ ಬರೆಯಿತು. ಅದರಿಂದಾಗಿಯೇ ಹೆಸರಿಲ್ಲದೆ ಹೋಗಬೇಕಿದ್ದ ಒಬ್ಬ ರೈತನ ಸಾವು ಇಂದಿಗೂ ವಿಚಾರಣೆಯಲ್ಲಿದೆ.